ಐಇಎಲ್‌ಟಿಎಸ್ ಲಿಸನಿಂಗ್: ಕನ್ನಡ ಮೀಡಿಯಮಲ್ಲಿ ಓದಿದವರು ಕಿವಿ ತಯಾರು ಮಾಡುದು ಹೇಗೆ

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರ, ಮುಳ್ಳೇರಿಯ ಈ ಕಡೆಯಿಂದ ನರ್ಸಿಂಗ್ ಮುಗಿಸಿ ಯುಕೆಗೆ ಹೋಗ್ಬೇಕು ಅಂತ ಇರುವವರು, ಡಿಗ್ರಿ ಆಗಿ ಮಾಸ್ಟರ್ಸಿಗೆ ಹೊರಟವರು, ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬಗ್ಗೆ ಎಲ್ರೂ ಕೇಳುದು ಹೆಚ್ಚು ಕಮ್ಮಿ ಒಂದೇ ಪ್ರಶ್ನೆ. ರೀಡಿಂಗ್ ಹೇಗೋ ಆಗ್ತದೆ, ಲಿಸನಿಂಗಲ್ಲಿ ಮಾರ್ಕ್ ಏರುದೇ ಇಲ್ಲ, ಎಂತ ಮಾಡುದು ಅಂತ. ಎಂತ ಮಾಡ್ತಾ ಇದ್ದೀರಿ ಅಂತ ಕೇಳಿದ್ರೆ ದಿನಾ ಒಂದು ಮಾಕ್ ಟೆಸ್ಟ್ ಮಾಡ್ತೇನೆ ಅಂತಾರೆ. ಅಲ್ಲೇ ಇರುದು ಸಮಸ್ಯೆ. ಮಾಕ್ ಟೆಸ್ಟ್ ಮಾಡಿದ್ರೆ ಎಷ್ಟು ಬಂತು ಅಂತ ಗೊತ್ತಾಗ್ತದೆ, ಅಷ್ಟೇ, ಕಿವಿ ಇದ್ದ ಹಾಗೇ ಇರ್ತದೆ. ಕಿವಿ ತಯಾರಾಗುದು ಒಂದೇ ಆಡಿಯೋವನ್ನು ಮತ್ತೆ ಮತ್ತೆ ಕೇಳಿ, ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಅಂತ ಕೂತು ನೋಡಿದಾಗ.

ನಾವು ಇಂಗ್ಲಿಷ್ ಕಲ್ತದ್ದು ಕಣ್ಣಿಂದ. ಶಾಲೆಯಲ್ಲಿ ಪಾಠ ಓದಿ, ಅರ್ಥ ಬರೆದು, ಪ್ರಶ್ನೋತ್ತರ ಬಾಯಿಪಾಠ ಮಾಡಿ. ಆದ್ರೆ ಮಲಯಾಳವನ್ನು ನಮ್ಮಲ್ಲಿ ತುಂಬಾ ಜನ ಹಾಗೆ ಕಲ್ತವರಲ್ಲ, ಬಸ್ಸಲ್ಲಿ, ಪೇಟೆಯಲ್ಲಿ, ಆಸ್ಪತ್ರೆಯಲ್ಲಿ, ವಿಲ್ಲೇಜ್ ಆಫೀಸಲ್ಲಿ ಕೇಳಿ ಕೇಳಿಯೇ ಬಂದದ್ದು, ಎಷ್ಟೋ ಜನರಿಗೆ ಓದ್ಲಿಕ್ಕೆ ಬರುದಿಲ್ಲ ಆದ್ರೆ ಎದುರಿನವರು ಎಷ್ಟು ಸ್ಪೀಡಲ್ಲಿ ಮಾತಾಡಿದ್ರೂ ಅರ್ಥ ಆಗ್ತದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಹೊರಗೆ ಮಲಯಾಳ. ಇಷ್ಟು ಭಾಷೆ ಕಿವಿಯಿಂದಲೇ ಹಿಡಿದವರಿಗೆ ಇಂಗ್ಲಿಷ್ ಕಿವಿಗೆ ಬರುದಿಲ್ಲ ಅಂತ ಆಗ್ಲಿಕ್ಕಿಲ್ಲ, ಅದಕ್ಕೆ ಆ ದಾರಿಯಲ್ಲಿ ಅಭ್ಯಾಸ ಕೊಡ್ಬೇಕು ಅಷ್ಟೆ.

ಮೊದ್ಲು ಪರೀಕ್ಷೆ ಎಂತದ್ದು ಅಂತ ತಿಳ್ಕೊಳ್ಳಿ

ಐಇಎಲ್‌ಟಿಎಸ್ ಲಿಸನಿಂಗಲ್ಲಿ 40 ಪ್ರಶ್ನೆ, 4 ಪಾರ್ಟ್, ಒಂದೊಂದರಲ್ಲಿ 10. ಆಡಿಯೋ ಸುಮಾರು 30 ನಿಮಿಷ, ಒಂದೇ ಸಲ ಹಾಕುದು. ಈ ಪರೀಕ್ಷೆಯ ಎರಡು ನಮೂನೆ, ಅಕಾಡೆಮಿಕ್ ಆದ್ರೂ ಜನರಲ್ ಟ್ರೈನಿಂಗ್ ಆದ್ರೂ, ಲಿಸನಿಂಗ್ ಒಂದೇ. ಪಾರ್ಟ್ 1ರಲ್ಲಿ ಇಬ್ರು ಮಾತಾಡುದು, ರೂಮ್ ಬಾಡಿಗೆ, ಕ್ಲಾಸಿಗೆ ಸೇರುದು, ಬುಕಿಂಗ್ ಹೀಗೆ ದಿನನಿತ್ಯದ ವಿಷಯ. ಪಾರ್ಟ್ 2ರಲ್ಲಿ ಒಬ್ರೇ ಮಾತಾಡುದು, ಒಂದು ಪಾರ್ಕಿನ ಬಗ್ಗೆಯೋ ಮ್ಯೂಸಿಯಮ್ಮಿನ ಬಗ್ಗೆಯೋ ವಿವರಣೆ. ಪಾರ್ಟ್ 3ರಲ್ಲಿ ಕಾಲೇಜಿನ ಚರ್ಚೆ, ಸ್ಟೂಡೆಂಟ್ಸ್ ಮತ್ತೆ ಟ್ಯೂಟರ್, ನಾಲ್ಕು ಜನದವರೆಗೆ ಇರಬಹುದು. ಪಾರ್ಟ್ 4 ಅಂದ್ರೆ ಲೆಕ್ಚರ್.

ತಪ್ಪು ಉತ್ತರಕ್ಕೆ ಮಾರ್ಕ್ ಕಟ್ ಮಾಡುದಿಲ್ಲ, ಹಾಗಾಗಿ ಒಂದು ಜಾಗವನ್ನೂ ಖಾಲಿ ಬಿಡ್ಬೇಡಿ. ಪೇಪರಲ್ಲಿ ಬರೆಯುವವರಿಗೆ ಕೊನೆಗೆ ಉತ್ತರ ಶೀಟಿಗೆ ಇಳಿಸ್ಲಿಕ್ಕೆ 10 ನಿಮಿಷ ಉಂಟು, ಕಂಪ್ಯೂಟರಲ್ಲಿ ಮಾಡುವವರಿಗೆ ಬರೇ 2 ನಿಮಿಷ, ಅದು ಚೆಕ್ ಮಾಡ್ಲಿಕ್ಕೆ ಮಾತ್ರ, ಉತ್ತರ ಎಲ್ಲ ಕೇಳುವಾಗಲೇ ಟೈಪ್ ಮಾಡಿ ಆಗಿರ್ಬೇಕು. ಯಾವುದರಲ್ಲಿ ಪರೀಕ್ಷೆಯೋ ಅದರಲ್ಲೇ ಪ್ರಾಕ್ಟೀಸ್ ಮಾಡಿ, ಕಾಗದದಲ್ಲಿ ಪ್ರಾಕ್ಟೀಸ್ ಮಾಡಿ ಅಲ್ಲಿ ಹೋಗಿ ಕೀಬೋರ್ಡ್ ಎದುರು ಕೂತ್ರೆ ಕೈ ಹೋಗುದಿಲ್ಲ.

ಎಷ್ಟು ಬೇಕು ಅಂತ ಲೆಕ್ಕ ಮೊದ್ಲೇ ಹಾಕ್ಕೊಳ್ಳಿ. ಐಇಎಲ್‌ಟಿಎಸಲ್ಲಿ 9ರ ವರೆಗೆ ಕೊಡುವ ಅಂಕಕ್ಕೆ ಬ್ಯಾಂಡ್ ಅಂತಾರೆ. ಸುಮಾರು 23 ಸರಿಯಾದ್ರೆ ಬ್ಯಾಂಡ್ 6, 30 ಸರಿಯಾದ್ರೆ 7, 35 ಸರಿಯಾದ್ರೆ 8. ಪೇಪರಿನ ಕಷ್ಟ ನೋಡಿ ಒಂದೆರಡು ಆಚೀಚೆ ಆಗ್ತದೆ. ಯುಕೆಯ ನರ್ಸಿಂಗ್ ಕೌನ್ಸಿಲಿಗೆ ಲಿಸನಿಂಗಲ್ಲಿ 7 ಬೇಕು. ಕೆನಡಾಕ್ಕೆ ವಲಸೆ ಹೋಗುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಭಾಷೆಗೆ ಒಳ್ಳೆ ಪಾಯಿಂಟ್ ಸಿಗುವ ಸಿಎಲ್‌ಬಿ 9 (ಕೆನಡಾದವರ ಭಾಷಾ ಮಟ್ಟದ ಅಳತೆ) ಬೇಕಾದ್ರೆ ಬಾಕಿ ಮೂರರಲ್ಲಿ, ಅಂದ್ರೆ ರೀಡಿಂಗ್, ರೈಟಿಂಗ್, ಸ್ಪೀಕಿಂಗಲ್ಲಿ, 7 ಸಾಕು, ಲಿಸನಿಂಗಲ್ಲಿ ಮಾತ್ರ 8 ಬೇಕು. 7 ಬೇಕಾದವರಿಗೆ 10 ತಪ್ಪಿಗೆ ಅವಕಾಶ ಉಂಟು. ಪಾರ್ಟ್ 1 ಮತ್ತೆ 2ರಲ್ಲಿ 20ಕ್ಕೆ 18 ಬಂದ್ರೆ ಮುಂದಿನ 20ರಲ್ಲಿ 12 ಬಂದ್ರೂ ನೀವು ಪಾಸ್. ಹಾಗಾಗಿ ಸುರುವಿಗೆ ಪಾರ್ಟ್ 4 ಹಿಡ್ಕೊಂಡು ಒದ್ದಾಡ್ಬೇಡಿ, ಪಾರ್ಟ್ 1 ಮತ್ತೆ 2 ಗಟ್ಟಿ ಮಾಡಿ.

ಒಂದು ಟೆಸ್ಟ್ ಮಾಡಿ, ತಪ್ಪನ್ನು ಬಿಡಿಸಿ ನೋಡಿ

ಸುರುವಿಗೆ ಒಂದು ಪೂರ್ತಿ ಟೆಸ್ಟ್, ಮಧ್ಯದಲ್ಲಿ ನಿಲ್ಲಿಸದೆ, ಫೋನ್ ಸೈಲೆಂಟ್ ಮಾಡಿ. ಕೇಂಬ್ರಿಜಿನವರು ತೆಗೆಯುವ ಹಳೆ ಪ್ರಶ್ನೆಪತ್ರಿಕೆ ಪುಸ್ತಕಗಳು ಇದಕ್ಕೆ ಒಳ್ಳೇದು, ಯಾಕಂತ ಹೇಳಿದ್ರೆ ಹಿಂದೆ ಆಡಿಯೋದ ಪೂರ್ತಿ ಬರಹ ಇರ್ತದೆ, ಅದಿಲ್ಲದ ಯಾವ ಮೆಟೀರಿಯಲ್ಲೂ ಈ ಕೆಲಸಕ್ಕೆ ಆಗುದಿಲ್ಲ. ಐಇಎಲ್‌ಟಿಎಸಿನ ಸ್ವಂತ ವೆಬ್‌ಸೈಟಲ್ಲೂ ಫ್ರೀ ಸ್ಯಾಂಪಲ್ ಉಂಟು.

ಮಾರ್ಕ್ ಹಾಕಿ ಬೇಜಾರ್ ಮಾಡ್ಕೊಂಡು ಪುಸ್ತಕ ಮುಚ್ಚಿಡುದಲ್ಲ. ಪ್ರತಿ ತಪ್ಪಿನ ಎದುರು ಕಾರಣ ಬರೀರಿ. ಕಾರಣ ನಾಲ್ಕೇ ಇರುದು. ಆ ಶಬ್ದವೇ ನಿಮಗೆ ಗೊತ್ತಿರ್ಲಿಲ್ಲ, ಇದು ಒಂದು. ಶಬ್ದ ಗೊತ್ತುಂಟು ಆದ್ರೆ ಅವರು ಹೇಳುವಾಗ ಹಿಡೀಲಿಕ್ಕೆ ಆಗ್ಲಿಲ್ಲ, ಇದು ಎರಡು. ಎಲ್ಲ ಕೇಳಿತು ಆದ್ರೆ ಅವರು ಮಾತು ತಿರುಗಿಸಿದ್ದು ಗೊತ್ತಾಗದೆ ಬೇರೆ ಉತ್ತರ ಬರೆದದ್ದು ಮೂರನೆಯದ್ದು. ಸರಿಯಾಗಿ ಕೇಳಿ ಬರೆಯುವಾಗ ಸ್ಪೆಲ್ಲಿಂಗೋ ಕೊನೆಯ ಎಸ್ ಅಕ್ಷರವೋ ಬಿಟ್ಟು ಹೋದದ್ದು ನಾಲ್ಕನೆಯದ್ದು. ನಾನು ನೋಡಿದ ಹಾಗೆ ನಮ್ಮೂರಿನವರಿಗೆ ಹೆಚ್ಚು ಬರುದು ಎರಡನೆಯದ್ದು, ಆದ್ರೆ ಅವರು ಸಮಯ ಹಾಕುದು ಮೊದಲನೆಯದ್ದಕ್ಕೆ, ದಿನಾ 50 ಹೊಸ ಶಬ್ದ ಬಾಯಿಪಾಠ ಮಾಡ್ಕೊಂಡು.

ಪೆರ್ಲ ಕಡೆಯ ಒಬ್ಬಳು ನರ್ಸ್, ಪ್ಲಸ್ ಟೂ ವರೆಗೂ ಕನ್ನಡ ಮೀಡಿಯಂ, ತಪ್ಪಾದ ಜಾಗದ ಬರಹ ತೆಗೆದು ತೋರಿಸಿದ್ರೆ ಇದೆಲ್ಲ ನಂಗೆ ಗೊತ್ತುಂಟು ಸರ್ ಅಂತ ಹೇಳ್ತಿದ್ದಳು, ಒಂದೂ ಹೊಸ ಶಬ್ದ ಇಲ್ಲ. ಅವಳತ್ರ ಒಂದು ಕೆಲಸ ಹೇಳಿದೆ, ಅರ್ಥ ಗಿರ್ಥ ಬೇಡ, ಕಿವಿಗೆ ಎಂತ ಬಿತ್ತೋ ಅದನ್ನು ಕನ್ನಡ ಅಕ್ಷರದಲ್ಲಿ ಬರಿ ಅಂತ. ಅವಳು ಬರೆದದ್ದು 'ಅಸ್ಸೂನಸಿಟ್ಸವೇಲಬ್ಲ್'. ಪುಸ್ತಕದಲ್ಲಿ ಇದ್ದದ್ದು ಆಸ್ ಸೂನ್ ಆಸ್ ಇಟ್ಸ್ ಅವೈಲಬಲ್. ಎರಡನ್ನೂ ಒಂದರ ಕೆಳಗೆ ಒಂದು ಇಟ್ಟು ನೋಡಿದಾಗ ಅವಳಿಗೆ ವಿಷಯ ಹೊಳೀತು, ಕಿವಿ ಸರಿಯೇ ಉಂಟು, ಅವರು ಹೇಳಿದ್ದನ್ನೇ ಅವಳು ಬರೆದದ್ದು, ಎಲ್ಲಿ ತುಂಡು ಮಾಡ್ಬೇಕು ಅಂತ ಮಾತ್ರ ಗೊತ್ತಾಗ್ಲಿಲ್ಲ. ಈ ಗೈಡಲ್ಲಿ ಒಂದೇ ಒಂದು ವಿಷಯ ನೆನಪಿಟ್ಕೊಳ್ಳುದಾದ್ರೆ ಇದನ್ನೇ ಇಟ್ಕೊಳ್ಳಿ, ಕೇಳಿದ್ದನ್ನು ಕನ್ನಡದಲ್ಲಿ ಬರೀರಿ. ನಮ್ಮ ಲಿಪಿ ಹೇಳಿದ ಹಾಗೇ ಬರೀಲಿಕ್ಕೆ ಆಗುವಂಥದ್ದು, ಇಂಗ್ಲಿಷ್ ಸ್ಪೆಲ್ಲಿಂಗಲ್ಲಿ ಆ ಅನುಕೂಲ ಇಲ್ಲ.

ದಿನದ ಕೆಲಸ ಹೇಗೆ

ಎರಡು ಮೂರು ನಿಮಿಷದ ಒಂದು ತುಂಡು ಸಾಕು, ಅದಕ್ಕಿಂತ ಉದ್ದ ಬೇಡ. ಮೊದಲ ಸಲ ಎಂತದ್ದೂ ಬರೀದೆ ಕೇಳಿ, ಯಾರು ಯಾರತ್ರ ಮಾತಾಡ್ತಾ ಇದ್ದಾರೆ, ಯಾವುದರ ಬಗ್ಗೆ, ಕೊನೆಗೆ ಎಂತ ತೀರ್ಮಾನ ಆಯ್ತು ಅಂತ ಮಾತ್ರ ನೋಡಿ. ಎರಡನೇ ಸಲ ಒಂದೊಂದು ವಾಕ್ಯಕ್ಕೆ ನಿಲ್ಲಿಸಿ ಬರೀರಿ, ಗೊತ್ತಾದದ್ದನ್ನು ಇಂಗ್ಲಿಷಲ್ಲಿ, ಗೊತ್ತಾಗದ್ದನ್ನು ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ. ಒಂದು ವಾಕ್ಯವನ್ನು ನಾಲ್ಕೈದು ಸಲ ಹಿಂದೆ ತಂದು ಕೇಳಿದ್ರೂ ತೊಂದ್ರೆ ಇಲ್ಲ, ಇದು ಪರೀಕ್ಷೆ ಅಲ್ಲ. ಅದಾದ ಮೇಲೆ ಪೂರ್ತಿ ಬರಹ ತೆಗೆದು ಕೆಂಪು ಪೆನ್ನಲ್ಲಿ ತಿದ್ದಿ. ಆಮೇಲೆ ಬರಹ ನೋಡ್ತಾ ಕೇಳಿ, ತಪ್ಪಿದ ಜಾಗ ಬರುವಾಗ ಕಿವಿ ಚುರುಕು ಮಾಡಿ. ಕೊನೆಗೆ ಬರಹ ಮುಚ್ಚಿ, ಆಡಿಯೋದ ಜೊತೆಜೊತೆಗೇ ಅದೇ ಸ್ಪೀಡಲ್ಲಿ ಅದೇ ಏರಿಳಿತದಲ್ಲಿ ಗಟ್ಟಿಯಾಗಿ ಹೇಳಿ. ಮನೆಯವರು ಎಂತ ಗ್ರಹಿಸ್ತಾರೋ ಅಂತ ನಾಚಿಕೆ ಬೇಡ, ತೋಟದ ಬದಿಗೆ ಹೋಗಿ ಹೇಳಿದ್ರೂ ಆಯ್ತು, ಆದ್ರೆ ಬಾಯಿಬಿಟ್ಟು ಹೇಳ್ಲೇಬೇಕು. ಬಾಯಿಗೆ ಬಂದ ಶಬ್ದ ಕಿವಿಗೆ ಬೇಗ ಸಿಗ್ತದೆ.

ಮರುದಿನ ಹೊಸ ತುಂಡು ಸುರು ಮಾಡುವ ಮೊದ್ಲು ನಿನ್ನೆಯದ್ದನ್ನು ಒಂದು ಸಲ ಕೇಳಿ. ಎಂತದ್ದೂ ಕಷ್ಟ ಇಲ್ಲದೆ ಎಲ್ಲ ಅರ್ಥ ಆಗುವ ಆ ಒಂದು ಸಲ ಉಂಟಲ್ಲ, ಅದೂ ಅಭ್ಯಾಸವೇ.

ಸ್ಪೀಡ್ ಕಮ್ಮಿ ಮಾಡಿ ಕೇಳಬಹುದಾ ಅಂತ ಕೇಳ್ತಾರೆ. ಎರಡನೇ ಹಂತದಲ್ಲಿ ತೀರಾ ಆಗದ ಜಾಗಕ್ಕೆ 0.75 ಇಡಿ, ಅದು ಬಿಟ್ರೆ ಬೇಡ. ನಿಧಾನ ಮಾಡಿದ್ರೆ ಶಬ್ದಗಳು ಒಂದಕ್ಕೊಂದು ಸೇರುದು ಎಳೆದ ಹಾಗೆ ಆಗಿ ಬೇರೆಯೇ ಕೇಳ್ತದೆ. ಸಬ್‌ಟೈಟಲ್ ಹಾಕಿ ಸಿನೆಮಾ ನೋಡುದು ಲಿಸನಿಂಗ್ ಪ್ರಾಕ್ಟೀಸ್ ಅಲ್ಲ, ಅದು ಓದುದು.

ಎಂತ ಕೇಳುದು ಅಂದ್ರೆ, ಬಿಬಿಸಿ ಲರ್ನಿಂಗ್ ಇಂಗ್ಲಿಷಿನ ಆರು ನಿಮಿಷದ ಕಾರ್ಯಕ್ರಮ ಫ್ರೀ ಆಗಿ ಬರಹದ ಸಮೇತ ಸಿಗ್ತದೆ, ಸುರುವಿನವರಿಗೆ ಅದು ಸಾಕು. ಸ್ವಲ್ಪ ಗಟ್ಟಿಯಾದ ಮೇಲೆ ಟೆಡ್ ಭಾಷಣಗಳು, ಅವಕ್ಕೂ ಬರಹ ಉಂಟು. ಪರೀಕ್ಷೆಯಲ್ಲಿ ಬ್ರಿಟಿಷ್ ಮಾತ್ರ ಅಲ್ಲ, ಆಸ್ಟ್ರೇಲಿಯಾ, ನ್ಯೂಝಿಲೆಂಡ್, ಅಮೆರಿಕ, ಕೆನಡಾದವರ ಮಾತೂ ಬರ್ತದೆ, ಹಾಗಾಗಿ ವಾರಕ್ಕೆ ಒಂದೆರಡು ಸಲ ಆಸ್ಟ್ರೇಲಿಯಾದ ಎಬಿಸಿ ರೇಡಿಯೋ ಕೇಳಿ. ಅವರ 'ಡೇ' ಕೆಲವು ಸಲ ನಮ್ಮ ಕಿವಿಗೆ 'ಡೈ' ಅಂತ ಬೀಳ್ತದೆ, ನ್ಯೂಝಿಲೆಂಡಿನವರ 'ಪೆನ್' ಹತ್ತಿರ ಹತ್ತಿರ 'ಪಿನ್' ಆಗ್ತದೆ. ಮೊದ್ಲೇ ಒಂದಷ್ಟು ಕೇಳಿದ್ರೆ ಪರೀಕ್ಷೆಯಲ್ಲಿ ಗಾಬರಿ ಆಗುದಿಲ್ಲ.

ಕಿವಿಗೆ ಸಿಗದೆ ಹೋಗುದು ಯಾವುದು

ಶಾಲೆಯಲ್ಲಿ ಕನ್ನಡ ವ್ಯಾಕರಣದಲ್ಲಿ ಸಂಧಿ ಕಲ್ತದ್ದು ನೆನಪುಂಟಾ? ಊರು ಮತ್ತೆ ಅಲ್ಲಿ ಸೇರಿ ಊರಲ್ಲಿ, ಮನೆ ಮತ್ತೆ ಅನ್ನು ಸೇರಿ ಮನೆಯನ್ನು, ಗುರು ಮತ್ತೆ ಅನ್ನು ಸೇರಿ ಗುರುವನ್ನು. ಇಂಗ್ಲಿಷ್ ಮಾತಲ್ಲೂ ಇದೇ ನಡೆಯುದು, ಬರೆಯುವಾಗ ಮಾತ್ರ ಕಾಣುದಿಲ್ಲ. ಸೀ ಇಟ್ ಅನ್ನುದು ಸೀಯಿಟ್ ಆಗ್ತದೆ, ನಮ್ಮ ಯಕಾರಾಗಮ. ಗೋ ಆನ್ ಅನ್ನುದು ಗೋವಾನ್, ವಕಾರಾಗಮ. ಟರ್ನ್ ಇಟ್ ಆಫ್ ಅನ್ನುದು ಟರ್ನಿಟಾಫ್. ಬ್ರಿಟಿಷರು ಲಾ ಆಂಡ್ ಆರ್ಡರ್ ಅನ್ನುದನ್ನು ಎಷ್ಟೋ ಸಲ ಮಧ್ಯೆ ಒಂದು ರಕಾರ ತಂದು ಲಾರನ್ ಆರ್ಡರ್ ಅಂತ ಹೇಳ್ತಾರೆ, ಬರಹದಲ್ಲಿ ಆ ರ ಇಲ್ಲವೇ ಇಲ್ಲ. ತಿದ್ದುವಾಗ ಇಂಥದ್ದು ಸಿಕ್ಕಿದ್ರೆ ನೋಟ್‌ಬುಕ್ಕಲ್ಲಿ ಕನ್ನಡದಲ್ಲೇ ಬರೆದಿಡಿ, ಒಂದು ತಿಂಗಳಲ್ಲಿ ನಿಮ್ಮದೇ ಒಂದು ಪಟ್ಟಿ ತಯಾರಾಗ್ತದೆ, ಆ ಪಟ್ಟಿ ಯಾವ ಕೋಚಿಂಗಲ್ಲೂ ಸಿಗುದಿಲ್ಲ.

ಇನ್ನೊಂದು, ನಾವು ಬಸ್ಸು, ಕಾರು, ಬ್ಯಾಂಕು ಅಂತ ಕೊನೆಗೆ ಸ್ವರ ಸೇರಿಸುವವರು. ಅವರು ಹಾಗಲ್ಲ, ಕೊನೆಯ ವ್ಯಂಜನವನ್ನು ನುಂಗಿಯೇ ಬಿಡ್ತಾರೆ. ಲಾಸ್ಟ್ ವೀಕ್ ಅನ್ನುದು ಲಾಸ್ವೀಕ್, ನೆಕ್ಸ್ಟ್ ಡೇ ಅನ್ನುದು ನೆಕ್ಸ್‌ಡೇ. ನಡುವಿನ ಸ್ವರವನ್ನೂ ನುಂಗ್ತಾರೆ, ಕಂಫರ್ಟೆಬಲ್ ಅಂತ ನಾವು ಹೇಳುದು ಅವರ ಬಾಯಲ್ಲಿ ಕಂಫ್ಟಬಲ್, ವೆಜಿಟೇಬಲ್ ಅನ್ನುದು ವೆಜ್ಟಬಲ್. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಜಾಗ ಉಂಟು, ಇಂಗ್ಲಿಷಲ್ಲಿ ಒತ್ತು ಬಿದ್ದ ಅಕ್ಷರ ಮಾತ್ರ ಸರಿ ಕೇಳುದು, ಬಾಕಿದ್ದೆಲ್ಲ ತೆಳು. ಆಫ್ (of), ಟು, ಫಾರ್, ಹ್ಯಾವ್ ಇಂಥ ಚಿಕ್ಕ ಶಬ್ದಗಳು ಅ, ಟ, ಫ, ಅವ್ ಅಷ್ಟೇ ಆಗಿ ಬಿಡ್ತಾವೆ. ಅವನ್ನು ಹಿಡೀಲಿಕ್ಕೆ ಹೋದ್ರೆ ಮುಖ್ಯ ಶಬ್ದ ತಪ್ಪಿ ಹೋಗ್ತದೆ, ಒತ್ತು ಬಿದ್ದದ್ದರ ಹಿಂದೆ ಹೋಗಿ.

ಕ್ಯಾನ್ ಮತ್ತೆ ಕಾಂಟ್, ಇಲ್ಲಿ ತುಂಬಾ ಜನ ಬೀಳ್ತಾರೆ. ಆಗ್ತದೆ ಅನ್ನುವಾಗ ಅದು ಬರೇ 'ಕನ್', ಗಟ್ಟಿ ಇಲ್ಲ, ಐ ಕನ್ ಕಮ್. ಆಗುದಿಲ್ಲ ಅನ್ನುವಾಗ ಬ್ರಿಟಿಷರಲ್ಲಿ 'ಕಾಂಟ್', ಉದ್ದ ಮತ್ತೆ ಗಟ್ಟಿ, ಕೊನೆಯ ಟ ಕೇಳದೆಯೂ ಹೋಗಬಹುದು. ಟಕಾರ ಕಾಯ್ತಾ ಕೂತ್ಕೊಳ್ಬೇಡಿ, ಸ್ವರ ಉದ್ದ ಉಂಟಾ ನೋಡಿ.

ನಂಬರು, ಅಕ್ಷರ, ತಾರೀಕು

ಪಾರ್ಟ್ 1ರ ಮಾರ್ಕ್ ಇರುದೇ ಇಲ್ಲಿ, ಮತ್ತೆ ಇದು ಎಲ್ಲಕ್ಕಿಂತ ಬೇಗ ಸರಿಯಾಗುವ ಭಾಗ. 13 ಮತ್ತೆ 30, 15 ಮತ್ತೆ 50 ವ್ಯತ್ಯಾಸ ಒತ್ತಲ್ಲಿ ಉಂಟು, 13ರಲ್ಲಿ ಒತ್ತು ಕೊನೆಗೆ, ಟೀನ್ ಅಂತ ಎಳೀತಾರೆ, 30ರಲ್ಲಿ ಒತ್ತು ಸುರುವಿಗೆ, ಟಿ ಗಿಡ್ಡ. ಫೋನ್ ನಂಬರಲ್ಲಿ ಸೊನ್ನೆಗೆ ಓ ಅಂತಾರೆ, 77ಕ್ಕೆ ಡಬಲ್ ಸೆವೆನ್, 555ಕ್ಕೆ ಟ್ರಿಪಲ್ ಫೈವ್. ಕ್ವಾರ್ಟರ್ ಟು ನೈನ್ ಅಂದ್ರೆ 8:45, ಇದನ್ನು 9:15 ಅಂತ ಬರೆದವರು ಎಷ್ಟೋ ಜನ. ಬ್ರಿಟಿಷರು ಹಾಫ್ ಸೆವೆನ್ ಅಂದ್ರೂ 7:30.

ಹೆಸರು ಅಕ್ಷರ ಅಕ್ಷರವಾಗಿ ಹೇಳುವಾಗ ಎ, ಇ, ಐ ಮೂರು ಕಲಸಿ ಹೋಗುದು ನಮ್ಮಲ್ಲಿ ಭಾರೀ ಸಾಮಾನ್ಯ, ಜಿ ಮತ್ತೆ ಜೆ ಕೂಡ. ಆರ್ ಅನ್ನುವ ಅಕ್ಷರ ಬ್ರಿಟಿಷರ ಬಾಯಲ್ಲಿ ಬರೇ 'ಆ' ಅಂತ ಬರ್ತದೆ, ನಾವು ಎ ಅಂತ ಬರೆದು ಕೂತ್ಕೊಳ್ತೇವೆ. ಝೆಡ್ ಅಮೆರಿಕದವರಲ್ಲಿ ಝೀ. ಇದಕ್ಕೆ ಪ್ರಾಕ್ಟೀಸ್ ಮನೆಯಲ್ಲೇ ಆಗ್ತದೆ, ತಮ್ಮನತ್ರವೋ ತಂಗಿಯತ್ರವೋ ಬ್ರಿಟಿಷ್ ರಸ್ತೆ ಹೆಸರು, ಪೋಸ್ಟ್‌ಕೋಡ್ ಸ್ಪೀಡಾಗಿ ಹೇಳ್ಲಿಕ್ಕೆ ಹೇಳಿ ಬರೀರಿ. ದಿನಾ ಹತ್ತು ನಿಮಿಷ ಸಾಕು.

ಮಾತು ತಿರುಗುವ ಜಾಗ

ಪಾರ್ಟ್ 1ರಿಂದಲೇ ಅವರು ಒಂದು ಉತ್ತರ ತೋರಿಸಿ ಮತ್ತೆ ಬದಲಿಸ್ತಾರೆ. ಫಾರ್ಮಲ್ಲಿ ಕ್ಲಾಸಿನ ದಿನ ಅಂತ ಖಾಲಿ ಜಾಗ ಉಂಟು ಅಂತ ಇಟ್ಕೊಳ್ಳಿ. ರಿಸೆಪ್ಶನಲ್ಲಿ ಇರುವವಳು ಹೇಳ್ತಾಳೆ, 'ದ ಬಿಗಿನರ್ಸ್ ಕ್ಲಾಸ್ ಈಸ್ ಯೂಶುವಲಿ ಆನ್ ಟ್ಯೂಸ್‌ಡೇ, ಬಟ್ ದಿಸ್ ಟರ್ಮ್ ವೀವ್ ಮೂವ್ಡ್ ಇಟ್ ಟು ಥರ್ಸ್‌ಡೇ.' ಗಿರಾಕಿ ಹೇಳ್ತಾನೆ, 'ಓ, ಐ ವರ್ಕ್ ಲೇಟ್ ಆನ್ ಥರ್ಸ್‌ಡೇಸ್.' ಅವಳು, 'ವೆಲ್, ದೇರ್ಸ್ ಅನದರ್ ಗ್ರೂಪ್ ಆನ್ ಸ್ಯಾಟರ್‌ಡೇ ಮಾರ್ನಿಂಗ್.' ಇವನು, 'ದ್ಯಾಟ್ಸ್ ಬೆಟರ್, ಪುಟ್ ಮಿ ಡೌನ್ ಫಾರ್ ದ್ಯಾಟ್.' ಮೂರು ದಿನ ಬಂತು, ಉತ್ತರ ಶನಿವಾರ, ಮತ್ತೆ ಆ ಉತ್ತರವನ್ನು ಯಾರೂ ಎರಡನೇ ಸಲ ಹೇಳ್ಲಿಲ್ಲ. ಟ್ಯೂಸ್‌ಡೇ ಕೇಳಿದ ಕೂಡ್ಲೇ ಖುಷಿಯಲ್ಲಿ ಬರೆದು ಮುಂದಿನ ಪ್ರಶ್ನೆ ನೋಡಿದವರಿಗೆ ಮಾರ್ಕ್ ಹೋಯ್ತು. ಬಟ್, ಆಕ್ಚುವಲಿ, ಸಾರಿ, ಇನ್‌ಸ್ಟೆಡ್, ಯೂಸ್ಡ್ ಟು, ಯೂಶುವಲಿ ಇಂಥ ಶಬ್ದ ಬಂತು ಅಂದ್ರೆ ಪೆನ್ನು ಎತ್ತಿ ಹಿಡಿರಿ, ಮಾತು ತಿರುಗ್ತಾ ಉಂಟು ಅಂತ ಲೆಕ್ಕ.

ಹಾಗೇ ಪ್ರಶ್ನೆಯಲ್ಲಿರುವ ಶಬ್ದವೇ ಆಡಿಯೋದಲ್ಲಿ ಬರ್ತದೆ ಅಂತ ಕಾಯ್ಬೇಡಿ, ಹೆಚ್ಚಾಗಿ ಅದೇ ಅರ್ಥ ಬೇರೆ ಮಾತಲ್ಲಿ ಬರುದು. ಪ್ರಶ್ನೆಯಲ್ಲಿ ಚೀಪ್ ಅಂತ ಇದ್ರೆ ಮಾತಲ್ಲಿ 'ಇಟ್ ವೋಂಟ್ ಕಾಸ್ಟ್ ಯು ಮಚ್' ಅಂತ ಬರಬಹುದು. ಆಯ್ಕೆ ಪ್ರಶ್ನೆಗಳಲ್ಲಿ ಎ, ಬಿ, ಸಿ ಮೂರರ ಶಬ್ದಗಳೂ ಆಡಿಯೋದಲ್ಲಿ ಬರ್ತಾವೆ, ಅದೇ ಶಬ್ದ ಕಿವಿಗೆ ಬಿತ್ತು ಅಂತ ಟಿಕ್ ಹಾಕಿದ್ರೆ ಸಾಧಾರಣವಾಗಿ ತಪ್ಪಾಗ್ತದೆ.

ಪ್ರಶ್ನೆ ಓದುದು ಹೇಗೆ

ಪ್ರತಿ ಪಾರ್ಟಿಗೆ ಮೊದ್ಲು ಪ್ರಶ್ನೆ ನೋಡ್ಲಿಕ್ಕೆ ಸ್ವಲ್ಪ ಸಮಯ ಕೊಡ್ತಾರೆ. ಮೊದ್ಲು ನೋಡ್ಬೇಕಾದ್ದು ಎಷ್ಟು ಶಬ್ದ ಬರೀಬಹುದು ಅಂತ. ಒಂದೇ ಶಬ್ದ ಅಂತ ಇರುವಲ್ಲಿ ಎರಡು ಬರೆದ್ರೆ ಉತ್ತರ ಸರಿ ಇದ್ರೂ ಮಾರ್ಕ್ ಇಲ್ಲ. ಆಮೇಲೆ ಖಾಲಿ ಜಾಗದ ಹಿಂದೆ ಮುಂದೆ ನೋಡಿ ಅಲ್ಲಿ ಎಂತ ಬರ್ತದೆ ಅಂತ ಗ್ರಹಿಸಿ, ಹೆಸರಾ, ನಂಬರಾ, ಜಾಗವಾ, ಬಹುವಚನವಾ. ಹಿಂದೆ 'ಅ' ಇದ್ರೆ ಒಂದೇ ವಸ್ತು, 'ಟು' ಅಂತ ಎರಡರ ಸಂಖ್ಯೆ ಇದ್ರೆ ಕೊನೆಗೆ ಎಸ್ ಬೇಕು. ಎರಡೆರಡು ಪ್ರಶ್ನೆ ಒಟ್ಟಿಗೆ ಕಣ್ಣಲ್ಲಿ ಇಟ್ಕೊಳ್ಳಿ, ಒಂದರ ಉತ್ತರ ತಪ್ಪಿ ಹೋದ್ರೂ ಮುಂದಿನದ್ದು ಬಂತು ಅಂತ ಗೊತ್ತಾಗ್ತದೆ. ಉತ್ತರಗಳು ಪ್ರಶ್ನೆಯ ಕ್ರಮದಲ್ಲೇ ಬರುದು.

ಒಂದು ತಪ್ಪಿತು ಅಂದ್ರೆ ಬಿಟ್ಟು ಬಿಡಿ. ಅದು ಎಂತ ಇರಬಹುದು ಅಂತ ಯೋಚನೆ ಮಾಡ್ತಾ ಕೂತ್ರೆ ಮುಂದಿನ ಮೂರು ಹೋಗ್ತದೆ. ಇದನ್ನೂ ಪ್ರಾಕ್ಟೀಸ್ ಮಾಡ್ಬೇಕಾದ್ದೇ, ಮನೆಯಲ್ಲಿ ಟೆಸ್ಟ್ ಮಾಡುವಾಗ ಬೇಕು ಅಂತಲೇ ಒಂದು ಪ್ರಶ್ನೆ ಬಿಟ್ಟು ಮುಂದೆ ಹೋಗಿ ನೋಡಿ.

ಮ್ಯಾಪು, ಚರ್ಚೆ, ಲೆಕ್ಚರ್

ಮ್ಯಾಪ್ ಬಂದ್ರೆ ಮೊದ್ಲು ನೀವು ಎಲ್ಲಿ ನಿಂತಿದ್ದೀರಿ ಅಂತ ಹುಡುಕಿ, ಎಂಟ್ರೆನ್ಸ್ ಎಲ್ಲಿ, ಉತ್ತರ ದಿಕ್ಕು ಯಾವ ಕಡೆ. ಆಪೊಸಿಟ್, ಜಸ್ಟ್ ಪಾಸ್ಟ್, ಬಿಯಾಂಡ್, ಎಟ್ ದ ಫಾರ್ ಎಂಡ್, ಆನ್ ಯುವರ್ ಲೆಫ್ಟ್ ಆಸ್ ಯು ಗೋ ಇನ್, ಇಂಥ ಇಪ್ಪತ್ತು ಮೂವತ್ತು ಮಾತು ಗೊತ್ತಿದ್ರೆ ಕೆಲಸ ಆಯ್ತು. ನಿಮ್ಮ ಪೇಟೆಯದ್ದೇ ಮ್ಯಾಪ್ ಬಿಡಿಸಿ, ಬದಿಯಡ್ಕ ಬಸ್ ಸ್ಟ್ಯಾಂಡಿಂದ ನಿಮ್ಮ ಶಾಲೆಗೆ ದಾರಿ, ಕುಂಬಳೆ ಸ್ಟೇಶನಿಂದ ದೇವಸ್ಥಾನಕ್ಕೆ ದಾರಿ, ಇಂಗ್ಲಿಷಲ್ಲಿ ಫೋನಲ್ಲಿ ರೆಕಾರ್ಡ್ ಮಾಡಿ ಗೆಳತಿಗೆ ಕಳಿಸಿ, ಅವಳು ಅದನ್ನು ಕೇಳಿ ಬೆರಳಿಟ್ಟು ಹೋಗ್ಲಿ. ಎಡ ಬಲ ತಿರುಗುವಾಗ ಕಾಗದವನ್ನು ಮನಸ್ಸಲ್ಲಿ ತಿರುಗಿಸ್ಲಿಕ್ಕೆ ಅಭ್ಯಾಸ ಆಗ್ಬೇಕು, ಅದಕ್ಕೇ ಇದು.

ಪಾರ್ಟ್ 3 ನಂಗೆ ಕೇಳಿದ್ರೆ ಎಲ್ಲಕ್ಕಿಂತ ಕಷ್ಟ. ಒಬ್ಬ ಒಂದು ಅಭಿಪ್ರಾಯ ಹೇಳ್ತಾನೆ, ಇನ್ನೊಬ್ಬಳು 'ಐ ಸಪೋಸ್ ಸೋ' ಅಂತಾಳೆ, ಅದು ಒಪ್ಪಿದ್ದು ಆದ್ರೂ ಅರ್ಧ ಮನಸ್ಸಿನದ್ದು. 'ಐ'ಮ್ ನಾಟ್ ಸೋ ಶೂರ್' ಅಂದ್ರೆ ಮರ್ಯಾದೆಯಿಂದ ಬೇಡ ಅಂದದ್ದು. ಸ್ವರದ ಏರಿಳಿತದಲ್ಲೇ ಉತ್ತರ ಇರ್ತದೆ. ಇಲ್ಲಿ ಯಾರು ಎಂತ ಹೇಳಿದ್ರು ಅನ್ನುದಕ್ಕಿಂತ ಕೊನೆಗೆ ಇಬ್ರೂ ಯಾವುದಕ್ಕೆ ಒಪ್ಪಿದ್ರು ಅನ್ನುದು ಮುಖ್ಯ, ಹಾಗಾಗಿ ಒಬ್ರು ಹೇಳಿ ಮುಗಿಸಿದ ಕೂಡ್ಲೇ ಬರೀಬೇಡಿ, ಎದುರಿನವರ ಉತ್ತರ ಕೇಳುವವರೆಗೆ ನಿಲ್ಲಿ.

ಪಾರ್ಟ್ 4ರಲ್ಲಿ ಮಧ್ಯದಲ್ಲಿ ಬಿಡುವು ಇಲ್ಲ, ಹತ್ತೂ ಪ್ರಶ್ನೆ ಒಟ್ಟಿಗೆ ಓದಿ ಇಟ್ಕೊಳ್ಬೇಕು. ವಿಷಯ ಗೊತ್ತಿಲ್ಲ ಅಂತ ಹೆದರ್ಬೇಡಿ, ಬೇಕಾದ್ದೆಲ್ಲ ಆಡಿಯೋದಲ್ಲೇ ಉಂಟು. ನೋಟ್ಸಿನ ತಲೆಬರಹಗಳನ್ನು ಹಿಡ್ಕೊಂಡು ಹೋಗಿ, 'ನೌ ಲೆಟ್ಸ್ ಟರ್ನ್ ಟು', 'ಅನದರ್ ಪ್ರಾಬ್ಲಮ್ ಈಸ್' ಇಂಥ ಮಾತು ಬಂದಾಗ ಮುಂದಿನ ತಲೆಬರಹಕ್ಕೆ ಹೋದ್ರು ಅಂತ ತಿಳೀತದೆ.

ಸ್ಪೆಲ್ಲಿಂಗ್

ಸ್ಪೆಲ್ಲಿಂಗ್ ತಪ್ಪಿದ್ರೆ ಉತ್ತರವೇ ತಪ್ಪು. ಬ್ರಿಟಿಷ್ ಸ್ಪೆಲ್ಲಿಂಗ್ ಆದ್ರೂ ಅಮೆರಿಕದ್ದಾದ್ರೂ ನಡೀತದೆ. ಅಕಾಮಡೇಶನಲ್ಲಿ ಸಿ ಎರಡು, ಎಂ ಎರಡು. ಗವರ್ನ್‌ಮೆಂಟಲ್ಲಿ ಮತ್ತೆ ಎನ್ವಿರಾನ್‌ಮೆಂಟಲ್ಲಿ ಎಂ ಅಕ್ಷರಕ್ಕೆ ಮೊದ್ಲು ಒಂದು ಎನ್ ಉಂಟು. ನೆಸೆಸರಿಯಲ್ಲಿ ಸಿ ಒಂದು, ಎಸ್ ಎರಡು. ಫೆಬ್ರವರಿಯಲ್ಲಿ ಬಿ ಆದ ಮೇಲೆ ಆರ್. ಹೀಗೆ ನಿಮಗೆ ತಪ್ಪುವ ಶಬ್ದಗಳದ್ದೇ ಪಟ್ಟಿ ಮಾಡಿ, ಓದಿದ್ರೆ ಸಾಲದು, ಯಾರಾದ್ರೂ ಹೇಳಿ ನೀವು ಬರೀಬೇಕು. ಪೇಪರ್ ಪರೀಕ್ಷೆಯಲ್ಲಿ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದ್ರೆ ಹೆಸರಿಗೆ ದೊಡ್ಡಕ್ಷರ ಹಾಕಿದ್ದೇನಾ ಅನ್ನುವ ತಲೆಬಿಸಿ ಇಲ್ಲ.

ಎಷ್ಟು ದಿನ, ಹೇಗೆ

ಡ್ಯೂಟಿ ಮಾಡ್ತಾ ಓದುವವರಿಗೆ ದಿನಾ ಒಂದು ಗಂಟೆ ಸಿಕ್ಕಿದ್ರೆ ಸಾಕು, ಎರಡು ಮೂರು ತಿಂಗಳು ಬಿಡದೆ. ಮುಕ್ಕಾಲು ಗಂಟೆ ಮೇಲೆ ಹೇಳಿದ ತುಂಡಿನ ಕೆಲಸ, ಕಾಲು ಗಂಟೆ ನಂಬರು ಮತ್ತೆ ಸ್ಪೆಲ್ಲಿಂಗ್. ಪೂರ್ತಿ ಟೆಸ್ಟ್ ಸುರುವಿನ ತಿಂಗಳಲ್ಲಿ ಹದಿನೈದು ದಿನಕ್ಕೊಂದು, ಆಮೇಲೆ ವಾರಕ್ಕೊಂದು, ಕೊನೆಯ ಎರಡು ವಾರ ಬೇಕಾದ್ರೆ ಎರಡು ದಿನಕ್ಕೊಂದು. ಮಂಗಳೂರಿಗೆ ಬಸ್ಸಲ್ಲಿ ಹೋಗಿ ಬರುವವರು ಇಯರ್‌ಫೋನ್ ಹಾಕಿ ಹೊಸದ್ದು ಕೇಳ್ಬೇಡಿ, ಬಸ್ಸಿನ ಗಲಾಟೆಯಲ್ಲಿ ಎಂತದ್ದೂ ಹಿಡೀಲಿಕ್ಕೆ ಆಗುದಿಲ್ಲ, ಮೊದ್ಲು ಕೆಲಸ ಮಾಡಿ ಮುಗಿಸಿದ ತುಂಡುಗಳನ್ನು ಕೇಳಿ.

ಕೋಚಿಂಗಿಗೆ ಹೋಗ್ಬೇಕು ಅಂತಲೇ ಇಲ್ಲ. ಹೋಗುದಾದ್ರೆ ಆಡಿಯೋ ಹಾಕಿ ಉತ್ತರ ಓದಿ ಕಳಿಸುವಲ್ಲಿಗೆ ಬೇಡ, ತಪ್ಪಿದ ಜಾಗವನ್ನು ಮತ್ತೆ ಹಾಕಿ ಯಾಕೆ ತಪ್ಪಿತು ಅಂತ ಮಾತಾಡುವವರು ಇದ್ದಾರಾ ನೋಡಿ. ಕೇರಳದಲ್ಲಿ ಇರುವ ನಮಗೆ ನೋರ್ಕಾ ರೂಟ್ಸಿನ (ವಿದೇಶಕ್ಕೆ ಹೋಗುವವರಿಗಾಗಿ ಇರುವ ಕೇರಳ ಸರ್ಕಾರದ ಸಂಸ್ಥೆ) ಭಾಷಾ ಸಂಸ್ಥೆಯೂ ಉಂಟು, ತಿರುವನಂತಪುರ ಮತ್ತೆ ಕೋಝಿಕ್ಕೋಡಲ್ಲಿ, ಐಇಎಲ್‌ಟಿಎಸ್ ಮತ್ತೆ ಒಇಟಿ (ಆರೋಗ್ಯ ಸಿಬ್ಬಂದಿಗೆ ಇರುವ ಇಂಗ್ಲಿಷ್ ಪರೀಕ್ಷೆ) ಕಲಿಸ್ತಾರೆ, ಅರ್ಹರಿಗೆ ಫೀಸಲ್ಲಿ ರಿಯಾಯಿತಿ ಉಂಟು. ಸರ್ಕಾರದ್ದು ಅಂತ ಕಾಗದಪತ್ರಕ್ಕೆ ಹೆದರಿ ಬಿಡ್ಬೇಡಿ.

ನರ್ಸುಗಳಿಗೆ ಒಂದು ಮಾತು

ಒಇಟಿ ಬರೀಬೇಕಾ ಐಇಎಲ್‌ಟಿಎಸ್ಸಾ ಅಂತ ಇರುವವರಿಗೆ ನನ್ನ ಅಭಿಪ್ರಾಯ, ವಾರ್ಡಲ್ಲಿ ಕೆಲಸ ಮಾಡಿ ಅನುಭವ ಇದ್ರೆ ಒಇಟಿ ನೋಡಿ. ಅದರ ಲಿಸನಿಂಗಲ್ಲಿ 42 ಪ್ರಶ್ನೆ, ಪಾರ್ಟ್ ಎ ರೋಗಿ ಮತ್ತೆ ಆರೋಗ್ಯ ಸಿಬ್ಬಂದಿಯ ಎರಡು ಮಾತುಕತೆ ಕೇಳಿ ನೋಟ್ಸ್ ತುಂಬುದು, 24 ಮಾರ್ಕ್. ಪಾರ್ಟ್ ಬಿ ಆರು ಚಿಕ್ಕ ಚಿಕ್ಕ ತುಂಡು, ಹ್ಯಾಂಡೋವರ್ ಇಂಥದ್ದು, 6 ಮಾರ್ಕ್. ಪಾರ್ಟ್ ಸಿ ಉದ್ದದ ಸಂದರ್ಶನ ಅಥವಾ ಭಾಷಣ ಎರಡು, 12 ಮಾರ್ಕ್. ಇಲ್ಲಿಯೂ ಒಂದೇ ಸಲ ಕೇಳುದು. ಯುಕೆಯ ಕೌನ್ಸಿಲಿಗೆ ಲಿಸನಿಂಗಲ್ಲಿ ಗ್ರೇಡ್ ಬಿ ಬೇಕು, ಅಂದ್ರೆ 500ರಲ್ಲಿ 350. ಪಾರ್ಟ್ ಎಯಲ್ಲಿ ರೋಗಿಯ ಬಾಯಲ್ಲಿ ಬಂದ ಶಬ್ದವನ್ನೇ ಬರೀರಿ, ಅವನು ಡಲ್ ಏಕ್ (ಮಂದ ನೋವು) ಅಂದದ್ದನ್ನು ನಿಮ್ಮ ಮೆಡಿಕಲ್ ಶಬ್ದಕ್ಕೆ ಬದಲಿಸ್ಲಿಕ್ಕೆ ಹೋಗಿ ಟೈಮ್ ಹಾಳು ಮಾಡ್ಬೇಡಿ. ಮೇಲೆ ಹೇಳಿದ ಕಿವಿಯ ಕೆಲಸ ಎರಡಕ್ಕೂ ಒಂದೇ.

ಪರೀಕ್ಷೆಯ ದಿನ ಮತ್ತೆ ಆಮೇಲೆ

ಒರಿಜಿನಲ್ ಪಾಸ್‌ಪೋರ್ಟ್ ತೆಗೊಂಡು ಹೋಗ್ಬೇಕು, ಬುಕ್ ಮಾಡುವಾಗ ಕೊಟ್ಟದ್ದೇ. ಮಂಗಳೂರಲ್ಲಿ ಬೆಳಗ್ಗಿನ ಪರೀಕ್ಷೆ ಆದ್ರೆ ಮೊದಲ ಬಸ್ಸನ್ನು ನಂಬಿ ಕೂತ್ಕೊಳ್ಳುದಕ್ಕಿಂತ ಹಿಂದಿನ ದಿನವೇ ಅಲ್ಲಿ ನೆಂಟರ ಮನೆಗೆ ಹೋಗಿ ಇರುದು ಒಳ್ಳೇದು. ಹೆಡ್‌ಫೋನ್ ಹಾಕಿದ ಕೂಡ್ಲೇ ಸೌಂಡ್ ಟೆಸ್ಟ್ ಮಾಡಿಸ್ತಾರೆ, ಆಗ ಸಣ್ಣ ಕರಕರ ಇದ್ರೂ ಕೈ ಎತ್ತಿ ಹೇಳಿ. ಸುರುವಾದ ಮೇಲೆ ಹೇಳಿದ್ರೆ ಆಡಿಯೋ ನಿಲ್ಲುದಿಲ್ಲ. ಅದೇ ದಿನ ಬೆಳಿಗ್ಗೆ ಒಂದರ್ಧ ಗಂಟೆ ಹಳೆ ತುಂಡು ಯಾವುದಾದ್ರೂ ಕೇಳಿ, ಕಿವಿ ಇಂಗ್ಲಿಷಿಗೆ ತಿರುಗಿರ್ತದೆ, ಇಲ್ಲದಿದ್ರೆ ಪಾರ್ಟ್ 1 ಮುಗಿಯುವವರೆಗೆ ಅದಕ್ಕೇ ಸಮಯ ಹೋಗ್ತದೆ.

ಬಾಕಿ ಮೂರೂ ಬಂದು ಲಿಸನಿಂಗ್ ಒಂದೇ ಕಮ್ಮಿ ಆದ್ರೆ ಪೂರ್ತಿ ಪರೀಕ್ಷೆ ಮತ್ತೆ ಬರೀಬೇಕು ಅಂತ ಇಲ್ಲ. ಕಂಪ್ಯೂಟರಲ್ಲಿ ಬರೆದವರಿಗೆ ಒಂದೇ ಸ್ಕಿಲ್ ಮತ್ತೆ ಬರೆಯುವ ಅವಕಾಶ ಉಂಟು, ಮೊದಲ ಪರೀಕ್ಷೆಯ ದಿನದಿಂದ 60 ದಿನದ ಒಳಗೆ. ಅದನ್ನು ಎಲ್ಲ ಕಡೆ ಒಪ್ಪುದಿಲ್ಲ, ಹಾಗಾಗಿ ಫೀಸ್ ಕಟ್ಟುವ ಮೊದ್ಲು ನೀವು ಅರ್ಜಿ ಹಾಕಿದ ಯೂನಿವರ್ಸಿಟಿಗೋ ಕೌನ್ಸಿಲಿಗೋ ಒಂದು ಮೇಲ್ ಹಾಕಿ ಕೇಳಿ, ಅವರ ಉತ್ತರ ಬಂದ ಮೇಲೆ ಬುಕ್ ಮಾಡಿ.